ಕಣ್ಣೊಳಗಿನ ಹಳದಿ

ಗೋಡೆ ಕಡೆಯ ತುದಿಯಲ್ಲಿ ಕೂತರೆ ಬಂದು ಹೋಗುವವರ ಕಣ್ಣಿಗೆ ಬೀಳುವುದಿಲ್ಲವೆಂದು ಷಡಕ್ಷರಿ ಕಡೂರಿನ ಆಸ್ಪತ್ರೆಯ ಬೆಂಚಿನ ಆ ತುದಿಯಲ್ಲೇ ಕೂತಿದ್ದ. ಅಜ್ಜಂಪುರದ ಪೇಟೆ ಬೀದಿಯಲ್ಲಿ ಅವನ ಅಂಗಡಿ. ಹೆಂಗಸರು ಸೀರೆ ತಂದು ತೋರಿಸಿದರೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ ಕತ್ತರಿಸಿ ಕೊಡುವುದು ಅವನ ಕೆಲಸ. ಬೋರ್ಡಿನ ಮೇಲೆ ಮ್ಯಾಚಿಂಗ್ ಸೆಂಟರ್ ಎಂದಿದ್ದರೂ ಊರವರ ಬಾಯಲ್ಲಿ ಅದು ಇನ್ನೂ ಮಲ್ಲಿಕಾರ್ಜುನಯ್ಯನ ಅಂಗಡಿ, ಅಂದರೆ ಅವನ ಅಪ್ಪನ ಅಂಗಡಿ. ಸಕ್ಕರೆ ಕಾಯಿಲೆ ಇರುವ ವಿಷಯ ಹೆಂಡತಿ ಹಾಲಮ್ಮನಿಗೆ ಬಿಟ್ಟರೆ ಊರಲ್ಲಿ ಯಾರಿಗೂ ತಿಳಿಯಬಾರದೆಂದು ಅವನು ರೈಲು ಹತ್ತಿ ಕಡೂರಿಗೆ ಬಂದು ತೋರಿಸಿಕೊಳ್ಳುತ್ತಿದ್ದ. ಹೋದ ಸಲ ಬಂದಾಗ ಡಾಕ್ಟರು, ಮೆಡಿಕಲ್ ಕಾಲೇಜಿನವರು ಬರುತ್ತಾರೆ, ಸಕ್ಕರೆ ಇರುವವರ ಕಣ್ಣಿನ ಹಿಂದಿನ ಪರದೆಯಲ್ಲಿರುವ ಬಣ್ಣವನ್ನು ಅಳೆದು ನೋಡುತ್ತಾರಂತೆ, ಆ ದಿನ ಬಂದು ಕೂತು ಹೋಗಿ ಎಂದಿದ್ದರು. ಕಣ್ಣೊಳಗೂ ಒಂದು ಬಣ್ಣವಿರುತ್ತದೆ ಎಂಬುದೇ ಅವನಿಗೆ ಹೊಸ ಸಂಗತಿ. ಅದನ್ನು ಅಳೆಯುತ್ತಾರೆ ಎಂದಾಗ ಮಾತ್ರ ಒಳಗೊಳಗೇ ಹುರುಪು ಬಂದಿತ್ತು. ಈಚೆಗೆ ಕೆಲವರು ಒಯ್ದ ಬಟ್ಟೆಯನ್ನು ತಿರುಗಿ ತಂದು ಕೌಂಟರಿನ ಮೇಲೆ ಇಟ್ಟು, ಏನೂ ಹೇಳದೆ ನಿಲ್ಲುತ್ತಿದ್ದರು. ಅವನು ಮಿಲ್ಲಿನವರನ್ನು ಬೈಯುತ್ತಿದ್ದ, ಟ್ಯೂಬ್‌ಲೈಟನ್ನು ಬೈಯುತ್ತಿದ್ದ, ಈಗಿನ ಸೀರೆಗಳ ಅಗ್ಗದ ಬಣ್ಣವನ್ನು ಬೈಯುತ್ತಿದ್ದ. ಕಾಲೇಜಿನಿಂದ ಬಂದ ಒಂದು ಯಂತ್ರ, ಇವರ ಕಣ್ಣು ಸರಿಯಾಗಿದೆ ಎಂದು ಹೇಳಿಬಿಟ್ಟರೆ ಆ ಬೈಗುಳಗಳೆಲ್ಲ ನ್ಯಾಯವಾಗಿಬಿಡುತ್ತಿದ್ದವು. ಲೈನಿಂಗ್ ಬಟ್ಟೆ ತರಲು ಬೀರೂರಿಗೆ ಹೋಗುತ್ತೇನೆ ಎಂದು ಹಾಲಮ್ಮನಿಗೆ ಹೇಳಿ ಬಂದಿದ್ದ. ಯಾಕೆ ಸುಳ್ಳು ಹೇಳಿದೆ ಎಂದು ರೈಲಿನಲ್ಲಿ ಕೂತು ಯೋಚಿಸಿದಾಗ ಸರಿಯಾದ ಕಾರಣ ಹೊಳೆದಿರಲಿಲ್ಲ.

"ಏನ್ ಸಾವ್ಕಾರ್ರೇ, ನಿಮ್ಗೂ ಸಕ್ರೆನಾ?"

ಪಕ್ಕದಲ್ಲೇ ಬಂದು ಕೂತವಳು ಕರಿಬಸಮ್ಮ. ಅವರದೇ ಊರಿನ ಕೆರೆ ಕಡೆಯ ಬೀದಿಯವಳು. ಹಣೆ ತುಂಬ ವಿಭೂತಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಷಡಕ್ಷರಿ ಎದ್ದು ಹೋಗುವವನಂತೆ ಒಮ್ಮೆ ಅಲುಗಾಡಿ ಮತ್ತೆ ಕೂತ.

"ಇಲ್ಲಮ್ಮ, ಡಾಕ್ಟ್ರು ಪರಿಚಯದವ್ರು. ಸುಮ್ನೆ ಬಂದಿದ್ದೆ."

"ಬಿಡಿ, ಈಗ ಯಾರಿಗಿಲ್ಲ ಹೇಳಿ. ನಂಗೆ ಕಾಲು ಜುಮ್ ಅಂತದೆ, ಕಣ್ಣು ಮಂಜು ಮಂಜು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಏನೋ ನೆನಪಾದವಳಂತೆ ಅವನ ಕಡೆ ವಾಲಿದಳು. "ನಿಮ್ಮ ಮನೆಯೋರು ಮಾತ್ರ ಭಾಳ ಒಳ್ಳೇರು ಕಣ್ರೀ. ಆ ಉರಿಬಿಸಿಲಲ್ಲಿ ನಮ್ಮನೆ ತಂಕ ನಡ್ಕೊಂಡ್ಬಂದು ಬಟ್ಟೆ ಬದಲಾಯ್ಸಿ ಕೊಟ್ಟೋದ್ರು. ನಾನು ಸೊಸೆಗೆ, ಇರ್ಲಿ ಬಿಡೇ, ಯಾರು ನೋಡ್ತಾರೆ, ತೊಟ್ಕೋ ಅಂದಿದ್ದೆ."

"ಯಾವ ಬಟ್ಟೆ?"

"ಹಸ್ರು ಸೀರೆಗೆ ನೀವು ನೀಲಿ ಕೊಟ್ಬಿಟ್ಟಿದ್ರಲ್ಲ, ಅದು." ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಅಯ್ಯೋ ಶಿವನೇ, ಅವರಿಗೆ ಹೇಳ್ಬೇಡಿ ಅಂದಿದ್ರು. ಹೇಳ್ಬಿಟ್ನಲ್ಲಪ್ಪ."

ಅವಳು ನಕ್ಕಳು. ಅವನೂ ನಕ್ಕ. ನಗುವಾಗ ತನ್ನ ಮುಖದ ಚರ್ಮ ಬಿಗಿಯಾಗಿ ಎಳೆದದ್ದು ಅವನಿಗೆ ಗೊತ್ತಾಯಿತು. ಮುದುಕಿಗೆ ಕಣ್ಣು ಮಂಜು ಎಂದು ಅವಳೇ ಹೇಳಿದಳಲ್ಲ. ಮಂಜುಗಣ್ಣಿನವಳು ಹಸಿರಿಗೂ ನೀಲಿಗೂ ತೀರ್ಪು ಕೊಡುತ್ತಾಳೆ. ಆದರೆ ಬಿಸಿಲಲ್ಲಿ ನಡೆದುಹೋದ ಹಾಲಮ್ಮ ಮಂಜುಗಣ್ಣಿನವಳಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಒಂದೊಂದು ದಿನ ಎದ್ದಾಗ ಹಾಲಮ್ಮನ ಕುತ್ತಿಗೆಯಲ್ಲಿ ಬೆವರಿರುತ್ತಿತ್ತು, ಕಾಲಿನ ಮೇಲೆ ಧೂಳಿರುತ್ತಿತ್ತು. ಎಲ್ಲಿ ಹೋಗಿದ್ದೆ ಎಂದರೆ ಗಿರಣಿಗೆ ಅನ್ನುತ್ತಿದ್ದಳು. ಅಷ್ಟೊಂದು ಹಿಟ್ಟು ಮನೆಯಲ್ಲಿ ಯಾರು ತಿನ್ನುತ್ತಾರೆ ಎಂದು ಅವನು ಕೇಳಿರಲಿಲ್ಲ. ಅಪ್ಪ ಅವನಿಗೆ ಕಲಿಸಿದ್ದು ಒಂದೇ ವಿದ್ಯೆ: ಸೀರೆಯನ್ನೂ ರವಿಕೆ ಬಟ್ಟೆಯ ಥಾನನ್ನೂ ಬೀದಿಗೆ ಒಯ್ದು, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಎರಡನ್ನೂ ಒಂದೇ ಮಡಿಕೆ ಮಾಡಿ ಹಿಡಿದು ನೋಡು, ಮಡಿಕೆ ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ಕೆಲವು ವರ್ಷಗಳಲ್ಲೇ ಅವನಿಗೆ ಬೀದಿಗೆ ಹೋಗುವ ಅಗತ್ಯವೇ ಬೀಳದಾಯಿತು. ಸೀರೆಯ ಅಂಚನ್ನು ನೋಡಿದೊಡನೆ ಅವನ ಕೈ ತಾನಾಗಿ ರಾಮಾ ಹಸಿರಿನ ಮೇಲೋ ಈರುಳ್ಳಿ ಸಿಪ್ಪೆಯ ಬಣ್ಣದ ಮೇಲೋ ಹೋಗಿ ನಿಲ್ಲುತ್ತಿತ್ತು. ಪಂಚನಹಳ್ಳಿಯಿಂದ, ಹಿರೇನಲ್ಲೂರಿನಿಂದ ಬಸ್ಸು ಹಿಡಿದು ಹೆಂಗಸರು ಬರುತ್ತಿದ್ದದ್ದು ಬಟ್ಟೆಗಿಂತ ಆ ಕೈ ನೋಡುವುದಕ್ಕೆ ಎಂದು ಅವನು ನಂಬಿದ್ದ.

ಹೆಸರು ಕೂಗಿದರು. ಒಳಗೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಸಣ್ಣ ಕೋಣೆ, ಮೇಜಿನ ಮೇಲೆ ದುರ್ಬೀನಿನಂಥ ಒಂದು ಯಂತ್ರ. ಅದರ ಹಿಂದೆ ಕೂತ ಹುಡುಗಿ ತನ್ನ ಹೆಸರು ಶ್ರೀವಾಣಿ, ತನ್ನ ಸಂಶೋಧನೆಗಾಗಿ ಈ ಅಳತೆ ಮಾಡುತ್ತಿದ್ದೇನೆ ಎಂದಳು. ಅಜ್ಜನ ಮನೆ ತರೀಕೆರೆಯಂತೆ. ಅವಳ ಕುರ್ತಾಕ್ಕೂ ದುಪಟ್ಟಾಕ್ಕೂ ಹೊಂದಿಕೆಯಿಲ್ಲ ಎಂಬುದನ್ನು ಷಡಕ್ಷರಿ ಬಾಗಿಲಲ್ಲೇ ಗಮನಿಸಿದ್ದ. ಓದಿದವರಿಗೆ ಇಂಥದ್ದರ ಕಡೆ ಗಮನವಿರುವುದಿಲ್ಲ ಅಂದುಕೊಂಡ.

"ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ ಸರ್. ಅದರ ಸರಿಯಾಗಿ ನಡುವೆ ಒಂದು ಹಳದಿ ಚುಕ್ಕೆ. ಸೊಪ್ಪು, ಮೆಕ್ಕೆಜೋಳ ಇಂಥದ್ದರಿಂದ ದೇಹ ಆ ಬಣ್ಣವನ್ನ ತಗೊಂಡು ಅಲ್ಲಿ ಇಟ್ಕೊಳ್ಳುತ್ತೆ. ಒಳಗೆ ಬರೋ ನೀಲಿ ಬೆಳಕನ್ನ ಅದು ಸ್ವಲ್ಪ ತಡೆಯುತ್ತೆ, ಪರದೆನ ಕಾಪಾಡುತ್ತೆ. ಸಕ್ಕರೆ ಕಾಯಿಲೆ ಇರೋರಲ್ಲಿ ಅದು ಎಷ್ಟಿದೆ ಅಂತ ನೋಡ್ತಿದೀವಿ."

"ಅಂದ್ರೆ ನಾವು ನೋಡೋದೆಲ್ಲ ಹಳದಿ ಗಾಜಿನಿಂದ ನೋಡ್ದಂಗೆ?"

"ಒಂಥರಾ ಹಾಗೇ."

"ಎಲ್ಲಾರ್ದೂ ಒಂದೇ ಸಮ ಇರುತ್ತಾ?"

"ಇಲ್ಲ ಸರ್. ಒಬ್ಬೊಬ್ಬರದು ಒಂದೊಂದು ಅಳತೆ."

ಅವಳಿಗೆ ಅದು ದಿನಕ್ಕೆ ಹತ್ತು ಬಾರಿ ಹೇಳುವ ಮಾತು. ಷಡಕ್ಷರಿಗೆ ಮಾತ್ರ ನೆಲ ಸ್ವಲ್ಪ ವಾಲಿದಂತಾಯಿತು. ಹಾಗಾದರೆ ಸೀರೆ ತಂದವಳು ನೋಡಿದ ನೀಲಿ ಒಂದು, ಅವನು ನೋಡಿದ ನೀಲಿ ಇನ್ನೊಂದು. ಇಷ್ಟು ವರ್ಷ ಇಬ್ಬರೂ ಕೌಂಟರಿನ ಆಚೆ ಈಚೆ ನಿಂತು, ಸರಿ ಹೊಂದಿತು ಎಂದು ತಲೆಯಾಡಿಸಿದ್ದು ಯಾವ ಬಣ್ಣಕ್ಕೆ? ಅಪ್ಪ ಬೀದಿಯಲ್ಲಿ ಹಿಡಿದು ತೋರಿಸಿದ ಮಡಿಕೆ ಅಪ್ಪನ ಹಳದಿಯೊಳಗಿಂದ ಕಂಡದ್ದು. ತಾನು ಕಲಿತದ್ದು ತನ್ನ ಹಳದಿಯೊಳಗಿಂದ. ಇದನ್ನು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಗದ್ದವನ್ನು ಯಂತ್ರದ ಬಟ್ಟಲಿಗೆ ಇಟ್ಟು, ಕೈಗೆ ಒಂದು ಗುಂಡಿ ಕೊಟ್ಟಳು. ಒಳಗೆ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ, ಮೊದಲು ಅಲುಗಾಡದೆ ಇರುತ್ತದೆ, ಮಿನುಗಲು ಶುರುವಾದ ಕೂಡಲೇ ಒತ್ತಬೇಕು, ಅಷ್ಟೇ.

ಬಿಲ್ಲೆ ಕಂಡಿತು. ಅದು ನೀಲಿಯೋ ಬೂದಿಯೋ ಎಂದು ತೀರ್ಮಾನಿಸುವುದರಲ್ಲೇ ಅವನು ಮೊದಲ ಮಿನುಗನ್ನು ಕಳೆದುಕೊಂಡ. ಎರಡನೆಯ ಸಲ ತಪ್ಪಬಾರದೆಂದು ಬೇಗ ಒತ್ತಿದ. ಸ್ವಲ್ಪ ಹೊತ್ತಿಗೆ ಯಂತ್ರದ ಲಯ ಅವನಿಗೆ ಸಿಕ್ಕಂತಾಯಿತು: ಒಂದು ಸಣ್ಣ ಸದ್ದು, ಆಮೇಲೆ ಉಸಿರೆಳೆದು ಬಿಡುವಷ್ಟು ಬಿಡುವು, ಆಮೇಲೆ ಮಿನುಗು. ಅವನು ಕಣ್ಣನ್ನು ಬಿಟ್ಟು ಸದ್ದಿಗೆ ಕಿವಿಗೊಟ್ಟ. ಸದ್ದು, ಉಸಿರು, ಗುಂಡಿ. ಶಾಲೆಯಲ್ಲಿ ಪಕ್ಕದವನ ಪಾಟಿ ನೋಡಿ ಬರೆದಾಗಿನ ಎದೆಬಡಿತ ಈ ವಯಸ್ಸಿನಲ್ಲಿ ಮತ್ತೆ ಬಂತು. ಜೊತೆಗೇ ಒಂದು ನಾಚಿಕೆಗೆಟ್ಟ ಸಂತೋಷವೂ ಬಂತು.

"ಸರ್, ಮಿನುಗು ಕಂಡ ಮೇಲೆ ಒತ್ತಿ. ಕಾಣೋ ಮುಂಚೆ ಅಲ್ಲ."

"ಕಾಣ್ತಿದೆ ಮೇಡಂ."

"ಈಗ ನಾನು ಬೆಳಕೇ ಬಿಟ್ಟಿರ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಮ್ಮೆ ಮಾಡಿಸಿದಳು, ಮತ್ತೊಮ್ಮೆ ಮಾಡಿಸಿದಳು, ಪಕ್ಕದ ಕೆಂಪು ಚುಕ್ಕೆ ನೋಡುತ್ತ ಒತ್ತಲು ಹೇಳಿದಳು. ಕೊನೆಗೆ ಕಂಪ್ಯೂಟರಿನ ಪರದೆ ನೋಡಿ, ಆಗಲಿಲ್ಲ ಎಂಬಂತೆ ತಲೆಯಾಡಿಸಿದಳು. ಒಂದು ಸಲದ್ದಕ್ಕೂ ಇನ್ನೊಂದು ಸಲದ್ದಕ್ಕೂ ತಾಳೆಯಾಗುತ್ತಿಲ್ಲ, ಈ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂದಳು. ಕಡಿಮೆಯಿದೆ ಎಂದಿದ್ದರೂ ಅವನು ಸಹಿಸಿಕೊಳ್ಳುತ್ತಿದ್ದ. ಲೆಕ್ಕಕ್ಕೇ ಇಲ್ಲ ಅನ್ನಿಸಿಕೊಳ್ಳಲು ಅವನು ತಯಾರಾಗಿ ಬಂದಿರಲಿಲ್ಲ. ಬಹುಶಃ ಅವನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಇನ್ನೊಂದು ಸುಲಭದ ಪರೀಕ್ಷೆ ಇದೆ ಎಂದು ಕಪ್ಪು ಪೆಟ್ಟಿಗೆಯೊಂದನ್ನು ತೆರೆದಳು. ಅದರಲ್ಲಿ ಸೀಸೆಯ ಮುಚ್ಚಳದಂಥ ಪುಟ್ಟ ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ಮೊದಲ ಬಿಲ್ಲೆಯಿಂದ ಹಿಡಿದು, ಒಂದಕ್ಕೆ ತೀರ ಹತ್ತಿರದ ಬಣ್ಣ ಯಾವುದೋ ಅದನ್ನು ಪಕ್ಕಕ್ಕಿಟ್ಟು ಸಾಲು ಜೋಡಿಸಬೇಕು.

ಷಡಕ್ಷರಿಗೆ ನಗು ಬಂತು. "ಮೇಡಂ, ಇದು ನನ್ನ ಕಸುಬು."

"ಹೌದಾ? ಹಾಗಾದ್ರೆ ಬೇಗ ಮುಗಿಯುತ್ತೆ."

ಬೇಗನೇ ಮುಗಿಯಿತು. ಕೈ ತಡೆಯಲೇ ಇಲ್ಲ. ನೀಲಿ, ಅದರ ಪಕ್ಕಕ್ಕೆ ನವಿಲು ನೀಲಿ, ಅಲ್ಲಿಂದ ಹಸಿರಿಗೆ ಇಳಿದು, ಎಲೆ ಹಣ್ಣಾದ ಬಣ್ಣ, ಇಟ್ಟಿಗೆ, ಬದನೆಕಾಯಿ. ಒಂದೊಂದು ಬಿಲ್ಲೆಯನ್ನೂ ಅವನು ಥಾನನ್ನು ಕೌಂಟರಿನ ಮೇಲೆ ಎಸೆಯುವ ಹಾಗೆ ಸ್ವಲ್ಪ ಸದ್ದು ಮಾಡಿಯೇ ಇಟ್ಟ. ಮುಗಿಸಿ ಕುರ್ಚಿಗೆ ಒರಗಿ ಕೂತು, ಸಾಲನ್ನು ನೋಡಿದ. ಎಲ್ಲೂ ಒಡಕಿಲ್ಲ, ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದ. ಶ್ರೀವಾಣಿ ಪೆಟ್ಟಿಗೆಯ ಮುಚ್ಚಳ ಹಾಕಿ ಅದನ್ನು ಬೋರಲು ಮಾಡಿ ತೆರೆದಳು. ಬಿಲ್ಲೆಗಳ ಬೆನ್ನಿನ ಮೇಲೆ ಅಂಕಿಗಳಿದ್ದವು. ಸಾಲಾಗಿ ಬರಬೇಕಾದ ಅಂಕಿಗಳು ಒಂದು ಕಡೆ ಹಾರಿ, ಇನ್ನೊಂದು ಕಡೆ ಹಿಂದಕ್ಕೆ ಬಂದು, ಮತ್ತೆ ಹಾರಿದ್ದವು. ಅವಳು ಅವನ್ನು ಬರೆದುಕೊಂಡಳು. ಅಂಕಿ ಓದಲು ಅವನಿಗೆ ಬರುತ್ತಿತ್ತು. ಆಗ ಅವನ ದೃಷ್ಟಿ ಅವಳ ದುಪಟ್ಟಾದ ಮೇಲೆ ಬಿತ್ತು. ಅದು ಕುರ್ತಾಕ್ಕೆ ಹೊಂದುತ್ತಿದ್ದಿರಬಹುದು. ಅಂಗಡಿಯವನು ಸರಿಯಾಗಿಯೇ ಕೊಟ್ಟಿದ್ದಿರಬಹುದು.

ಕಣ್ಣಿಗೆ ಹನಿ ಹಾಕಿ ಕೂರಿಸಿ, ಪಾಪೆ ಅರಳಿದ ಮೇಲೆ ಒಳಗಿನ ಚಿತ್ರ ತೆಗೆದರು. ಕಂಪ್ಯೂಟರಿನ ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡು, ಅದರೊಳಗೆ ಬೇರು ಬಿಟ್ಟಂತೆ ರಕ್ತನಾಳಗಳು, ಅಲ್ಲಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ, ನಡುವಿನ ಹತ್ತಿರ ಬೆಲ್ಲದ ಪುಡಿ ಚೆಲ್ಲಿದ ಹಾಗೆ ಏನೋ.

"ಇದೇನಾ ಆ ಹಳದಿ?" ಎಂದ ಅವನು. ದನಿಯಲ್ಲಿ ಸಣ್ಣ ಆಸೆಯಿತ್ತು.

"ಅಲ್ಲ ಸರ್. ಇದು ಇರಬಾರದ ಹಳದಿ. ನಾಳ ಸೋರಿ ಕೊಬ್ಬು ಬಂದು ಕೂತಿದೆ. ನಮ್ಮ ಸಂಶೋಧನೆ ಬೇರೆ, ಇದು ಬೇರೆ. ಇದಕ್ಕೆ ಶಿವಮೊಗ್ಗಕ್ಕೆ ಹೋಗಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ತಡ ಮಾಡ್ಬೇಡಿ. ಹೋಗಿದ್ದು ಬರದಿರಬಹುದು, ಇರೋದನ್ನ ಉಳಿಸ್ಕೋಬಹುದು." ಚೀಟಿ ಬರೆಯುತ್ತ ಕೇಳಿದಳು, "ಮನೇಲಿ ಯಾರಾದ್ರೂ ಗಮನಿಸಿಲ್ವಾ ಸರ್? ಬಣ್ಣ ತಪ್ಪಾಗೋದನ್ನ?"

"ಇಲ್ಲ" ಎಂದ ಷಡಕ್ಷರಿ.

ಹನಿ ಹಾಕಿದ ಕಣ್ಣಿಗೆ ಹೊರಗಿನ ಬೆಳಕು ಹಿಟ್ಟು ಎರಚಿದ ಹಾಗೆ ಬಿತ್ತು. ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದು ದಂಡ. ಅವನು ಕರ್ಚೀಫನ್ನು ಹಣೆಗೆ ಅಡ್ಡ ಹಿಡಿದು ಕೂತ. ಬೀರೂರು ಬಂದಾಗ ಲೈನಿಂಗ್ ಬಟ್ಟೆ ನೆನಪಾಯಿತು, ಇಳಿಯಲಿಲ್ಲ. ಪಡುವಣಕ್ಕೆ ಕೆಮ್ಮಣ್ಣುಗುಂಡಿಯ ಕಡೆಯ ಬೆಟ್ಟಗಳು ಕಂಡವು. ಬೆಟ್ಟ ನೀಲಿ ಎಂದು ಗೊತ್ತಿರುವುದರಿಂದ ತನಗೆ ನೀಲಿ ಕಾಣುತ್ತಿದೆಯೋ, ಕಾಣುತ್ತಿರುವುದರಿಂದ ನೀಲಿಯೋ ಎಂದು ಕೇಳಿಕೊಂಡ. ಎದುರಿಗೆ ಕೂತವನು ಈರುಳ್ಳಿ ಧಾರಣೆಯ ಮಾತೆತ್ತಿದ. ಷಡಕ್ಷರಿ ಹೂಂ ಎಂದ. ಹಾಲಮ್ಮನ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ಅದಕ್ಕೆ ಹಿಡಿಯಲು ಹಿಡಿಕೆ ಸಿಗುತ್ತಿರಲಿಲ್ಲ. ಅವಳು ಹೇಳಬೇಕಿತ್ತು. ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದೂ ಅವನಿಗೆ ಗೊತ್ತಿತ್ತು. ಶಿವನಿ ಊರಿನ ಕಡೆಯ ಒಬ್ಬ ಹೆಂಗಸು ಬಟ್ಟೆ ವಾಪಸು ತಂದಾಗ ಅವನು, ಕಣ್ಣು ತೋರಿಸ್ಕೊಳ್ಳಿ ಹೋಗಿ ಎಂದು ಅಂಗಡಿಯ ತುಂಬ ಕೇಳುವಂತೆ ಹೇಳಿದ್ದ. ಅವಳು ಬಟ್ಟೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಹಾಲಮ್ಮ ಆಗ ಹುಕ್ಕುಗಳ ಡಬ್ಬಿ ಜೋಡಿಸುತ್ತಿದ್ದಳು, ತಲೆ ಎತ್ತಿರಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹಾಲಮ್ಮ ಅವನ ಬರಿಗೈ ನೋಡಿದಳು, ಆಮೇಲೆ ಕಣ್ಣು ನೋಡಿದಳು.

"ಕಣ್ಣಿಗೇನಾಯ್ತು ರೀ? ಕೆಂಪಗಾಗಿದೆ."

"ಎಷ್ಟು ಮನೆಗೆ ಹೋಗಿದ್ದೀಯ?"

"ಯಾರ ಮನೆಗೆ?"

"ಬಟ್ಟೆ ಬದಲಾಯ್ಸೋಕೆ."

ಹಾಲಮ್ಮ ಕೈಯಲ್ಲಿದ್ದ ಥಾನನ್ನು ಸುತ್ತಿ, ಅದರ ಜಾಗಕ್ಕೆ ಇಟ್ಟು, ಕೈ ಒರೆಸಿಕೊಂಡಳು. ಹೆದರಿದವಳ ಹಾಗೆ ಕಾಣಲಿಲ್ಲ. ಬಹಳ ದಿನದಿಂದ ಹೊತ್ತದ್ದನ್ನು ಇಳಿಸಲು ಜಾಗ ಸಿಕ್ಕವಳ ಹಾಗೆ ಸ್ಟೂಲಿನ ಮೇಲೆ ಕೂತಳು.

"ಲೆಕ್ಕ ಇಟ್ಟಿಲ್ಲ. ನಂಗೂ ಸಾಕಾಗಿತ್ತು ಕಣ್ರೀ. ಬಿಸ್ಲಲ್ಲಿ ಮನೆಮನೆಗೆ ಹೋಗಿ ಹಲ್ಲು ಕಿರ್ಕೊಂಡು ನಿಂತ್ಕೊಳ್ಳೋದು ನಂಗೇನು ಚಂದನಾ? ಹೇಳೋಣ ಅಂತ ಬಾಯಿಗೆ ಬರೋದು. ಹೇಳಿದ್ರೆ ನೀವು ಮಿಲ್ಲು ಅಂತೀರಿ, ಲೈಟು ಅಂತೀರಿ. ಆಮೇಲೆ ಎರಡು ದಿನ ಊಟ ಬಿಡ್ತೀರಿ. ಸಕ್ಕರೆ ಇಟ್ಕೊಂಡು ಊಟ ಬಿಟ್ರೆ ನಾನೇನು ಮಾಡ್ಲಿ?"

ಅವನು ಕಡೂರಿನದ್ದನ್ನು ಹೇಳಿದ. ಯಂತ್ರಕ್ಕೆ ಮೋಸ ಮಾಡಿದ್ದೊಂದನ್ನು ಬಿಟ್ಟು ಎಲ್ಲ ಹೇಳಿದ. ಅವಳು ಶಿವಮೊಗ್ಗಕ್ಕೆ ಯಾವತ್ತು ಎಂದಷ್ಟೇ ಕೇಳಿದಳು. ಆ ಮಾತಿನ ನಡುವೆಯೇ ಅವನಿಗೆ ಗುರುಮೂರ್ತಿಯ ಮನೆಯ ಮದುವೆ ನೆನಪಾಯಿತು. ತರೀಕೆರೆಯ ಹೈಸ್ಕೂಲು ಮೇಷ್ಟ್ರು ಗುರುಮೂರ್ತಿ, ಹಾಲಮ್ಮನ ಕಡೆಯಿಂದ ದೂರದ ನಂಟ. ಮಗಳು ಸ್ಫೂರ್ತಿಯ ಮದುವೆಗೆಂದು ಸೀರೆಯ ಗಂಟನ್ನೇ ತಂದು, ಎಲ್ಲಕ್ಕೂ ನೀವೇ ನೋಡಿ ಹಾಕಬೇಕು ಎಂದಿದ್ದ. ಆ ದಿನ ಹಾಲಮ್ಮ ತವರಿಗೆ, ಪಂಚನಹಳ್ಳಿಗೆ ಹೋಗಿದ್ದಳು. ಅವನೊಬ್ಬನೇ ಕೂತು, ಒಂದೊಂದಾಗಿ ಬಿಡಿಸಿ, ಕತ್ತರಿಸಿ, ಹೆಮ್ಮೆಯಿಂದ ಕಟ್ಟಿ ಕಳಿಸಿದ್ದ.

"ಆ ಬಟ್ಟೆಗಳನ್ನ ನೀನು ನೋಡಿಲ್ಲ" ಎಂದ.

"ಇಲ್ಲ."

"ಹೊಲಿಗೆಗೆ ಹೋಗಿರುತ್ತಾ?"

"ಹೋಗದೆ ಇರುತ್ತಾ" ಎಂದಳು ಹಾಲಮ್ಮ.

ಮಾರನೆ ದಿನ ಅಂಗಡಿಗೆ ಬಾಗಿಲು ಹಾಕಿ ಇಬ್ಬರೂ ತರೀಕೆರೆ ಬಸ್ಸು ಹತ್ತಿದರು. ಹೇಳದೆ ಬಂದ ನಂಟರನ್ನು ಗುರುಮೂರ್ತಿ ಬಾಗಿಲಲ್ಲೇ ಕೈ ಹಿಡಿದು ಬರಮಾಡಿಕೊಂಡ. ಮದುವೆಗೆ ಸುಣ್ಣಬಣ್ಣವಾಗುತ್ತಿದ್ದ ಮನೆ; ಡಿಸ್ಟೆಂಪರಿನ ವಾಸನೆ. ಷಡಕ್ಷರಿ ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡಿದ್ದ ಮಾತುಗಳು ಸೋಫಾದ ಮೇಲೆ ಕೂತೊಡನೆ ಚದುರಿಹೋದವು. ಹಾಲಮ್ಮನೇ, ಹೊಲಿಗೆ ಹೇಗೆ ಬಂದಿದೆ ನೋಡೋಣ ಅಂತ ಬಂದ್ವಿ ಎಂದಳು. ಗುರುಮೂರ್ತಿ ಹೆಂಡತಿಯ ಮುಖ ನೋಡಿದ. ಹೆಂಡತಿ, ಎಲ್ಲ ಮೇಲೆ ಕಟ್ಟಿಟ್ಟಿದ್ದೀವಿ, ಈಗೇಕೆ ಬಿಡಿ ಎಂದಳು. ಆದರೂ ಹಾಲಮ್ಮ ಒತ್ತಾಯ ಮಾಡಿದ್ದರಿಂದ ಸೀರೆಗಳು ಇಳಿದು ಬಂದವು, ದಿವಾನದ ಮೇಲೆ ಹರಡಿದವು, ಒಂದೊಂದರ ಮೇಲೂ ಹೊಲಿದ ರವಿಕೆ. ಗುರುಮೂರ್ತಿ, ರಜೆ ಬಂತೆಂದರೆ ಕೆಮ್ಮಣ್ಣುಗುಂಡಿಗೆ ಹೋಗುವ ಕಾರುಗಳಿಂದ ರಸ್ತೆ ದಾಟುವುದೇ ಕಷ್ಟವೆಂದು ಮಾತನಾಡುತ್ತಲೇ ಇದ್ದ. ಷಡಕ್ಷರಿ ಸಕ್ಕರೆ ಹಾಕಿದ ಕಾಫಿಯನ್ನು ಕುಡಿಯದೆ ಹಿಡಿದು, ಹಾಲಮ್ಮನ ಕೈ ಒಂದು ಸೀರೆಯಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತಿದ್ದ. ಅವಳು ಒಂದು ರವಿಕೆಯನ್ನು ಎತ್ತಿ, ಬೆರಳಲ್ಲಿ ಉಜ್ಜಿ, ಇಟ್ಟಳು. ಇನ್ನೊಂದನ್ನು ಎತ್ತಿ ಸ್ವಲ್ಪ ಹೆಚ್ಚು ಹೊತ್ತು ಹಿಡಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಎಲ್ಲಾ ಸರಿ ಇದೆ ರೀ. ಚೆನ್ನಾಗಿ ಹೊಂದಿದೆ."

ಅವನಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಇಡೀ ಮೈಗೆ ರಕ್ತ ಹರಿದು ಬಂದಂತಾಯಿತು. ಹಾಗಾದರೆ ಪೂರ್ತಿ ಹೋಗಿಲ್ಲ. ಬಿಲ್ಲೆ ಜೋಡಿಸುವುದು ಬೇರೆ, ಬಟ್ಟೆ ನೋಡುವುದು ಬೇರೆ. ಆ ಹುಡುಗಿಗೆ ಬಟ್ಟೆಯ ಬಗ್ಗೆ ಏನು ಗೊತ್ತು? ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದ. ಒಂದು ಸೀರೆಯ ಸೆರಗನ್ನೂ ರವಿಕೆಯ ತೋಳನ್ನೂ ಜೊತೆಯಾಗಿ ಹಿಡಿದು, ಬಾಗಿಲ ಹತ್ತಿರ ನಿಂತಿದ್ದ ಸ್ಫೂರ್ತಿಗೆ ತೋರಿಸುತ್ತ ದೊಡ್ಡ ದನಿಯಲ್ಲಿ ಹೇಳತೊಡಗಿದ. "ನೋಡಮ್ಮ, ಇದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ. ಮಡಿಕೆ ಎಲ್ಲಿ ಮುಗೀತು ಅಂತ ಗೊತ್ತಾಗ್ಬಾರ್ದು. ಇಲ್ಲಿ ಗೊತ್ತಾಗ್ತಾ ಇದೆಯಾ, ಹೇಳು? ನಮ್ಮಪ್ಪ ಇದನ್ನ..."

"ಅಂಕಲ್," ಎಂದಳು ಸ್ಫೂರ್ತಿ. "ಇವು ನಿಮ್ಮ ಅಂಗಡಿ ಬಟ್ಟೆ ಅಲ್ಲ."

"ಸ್ಫೂರ್ತಿ" ಎಂದ ಗುರುಮೂರ್ತಿ.

"ಹೇಳ್ಲೇಬೇಕಪ್ಪ. ನಾಳೆ ಛತ್ರದಲ್ಲೂ ಹಿಂಗೇ ಎಲ್ಲರಿಗೂ ತೋರಿಸ್ಕೊಂಡು ಓಡಾಡಿದ್ರೆ?" ಅವಳು ಷಡಕ್ಷರಿಯ ಕಡೆ ತಿರುಗಿದಳು. "ಟೈಲರ್ ಬಟ್ಟೆ ನೋಡಿ ಫೋನ್ ಮಾಡಿದ್ರು ಅಂಕಲ್. ಕೆಲವು ಸರಿ ಇದ್ವು, ಕೆಲವು ಇರ್ಲಿಲ್ಲ. ಅಪ್ಪ, ಷಡಕ್ಷರಿಯವರಿಗೆ ಬೇಜಾರಾಗುತ್ತೆ, ಹೇಳೋದು ಬೇಡ ಅಂದ್ರು. ಒಂದೊಂದೇ ಆರಿಸೋದು ಬೇಡ ಅಂತ, ಧಾರೆ ಸೀರೇದು ಬಿಟ್ಟು ಎಲ್ಲಾ ಇಲ್ಲೇ ಬೇರೆ ಕಡೆ ತಗೊಂಡ್ವಿ."

ಡಿಸ್ಟೆಂಪರು ಬಳಿಯುವವನ ಬ್ರಷ್ಷಿನ ಸದ್ದು ಒಳಕೋಣೆಯಿಂದ ಕೇಳುತ್ತಿತ್ತು. ಗುರುಮೂರ್ತಿ, ಅಯ್ಯೋ ಬಿಡ್ರಿ, ಹುಡುಗು ಬುದ್ಧಿ, ನಮ್ಮ ತಾತನ ಕಾಲದಿಂದ ನಿಮ್ಮಂಗಡೀಲಿ ಬಟ್ಟೆ ತಗೊಂಡೇ ಶುಭಕಾರ್ಯ ಮಾಡಿರೋದು, ಅದು ತಪ್ಪಬಾರದು ಅಂತ ಬಂದಿದ್ವಿ, ಅಷ್ಟೇ ಎಂದ. ಅವನ ಮಾತಿನಲ್ಲಿ ನಿಜವಾದ ಪ್ರೀತಿಯಿತ್ತು. ಅದೇ ಸಹಿಸಲು ಕಷ್ಟವಾಗಿತ್ತು. ಷಡಕ್ಷರಿ ಹಾಲಮ್ಮನನ್ನು ನೋಡಿದ. ತಾವು ದಿನವೂ ಮುಟ್ಟುವ ಬಟ್ಟೆ ಇದಲ್ಲವೆಂದು ಅವಳ ಬೆರಳಿಗೆ ಮೊದಲ ರವಿಕೆಯಲ್ಲೇ ಗೊತ್ತಾಗಿತ್ತು. ಗೊತ್ತಾಗಿಯೇ ಅವಳು ಎಲ್ಲಾ ಸರಿ ಇದೆ ಎಂದಿದ್ದಳು. ಈಗ ಅವಳು ತಲೆ ತಗ್ಗಿಸಿ, ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತಿದ್ದಳು.

"ನಾನು ಕೊಟ್ಟಿದ್ದವು ಎಲ್ಲಿ?" ಎಂದ.

ಸ್ಫೂರ್ತಿ ಒಳಗೆ ಹೋಗಿ ಚೀಲವೊಂದನ್ನು ತಂದಳು. ಅವನು ತಾನು ಕತ್ತರಿಸಿದ ತುಂಡುಗಳನ್ನು ಒಂದೊಂದಾಗಿ ತೆಗೆದು ಆಯಾ ಸೀರೆಯ ಮೇಲೆ ಹೊಲಿದ ರವಿಕೆಯ ಪಕ್ಕದಲ್ಲಿ ಇಡುತ್ತ ಹೋದ. ಬಾಗಿಲಿನಿಂದ ಒಳ್ಳೆಯ ಬೆಳಕು ಬರುತ್ತಿತ್ತು. ಬಗ್ಗಿ ನೋಡಿದ, ನೆಟ್ಟಗೆ ನಿಂತು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಅವನ ತುಂಡೂ ಹೊಂದುತ್ತಿತ್ತು, ಅವರು ಕೊಂಡದ್ದೂ ಹೊಂದುತ್ತಿತ್ತು. ಎರಡರ ನಡುವೆ ಏನೋ ಇದೆ ಎಂದು ಕೋಣೆಯಲ್ಲಿದ್ದ ಉಳಿದವರಿಗೆಲ್ಲ ಗೊತ್ತಿತ್ತು. ಆ ಏನೋ ಅವನಿಗೆ ಮಾತ್ರ ಇರಲಿಲ್ಲ. ತಪ್ಪು ಕಂಡಿದ್ದರೆ ನಾಚಿಕೆಯಾಗುತ್ತಿತ್ತು. ತಪ್ಪು ಕಾಣದೆ ಇದ್ದುದರಿಂದ ಆದದ್ದು ಭಯ.

"ನಂಗೆ ಕಾಣಲ್ಲ ಕಣಮ್ಮ" ಎಂದ ಅವನು ಸ್ಫೂರ್ತಿಗೆ. ಬೇರೆ ಯಾರಿಗೂ ಹೇಳುವುದಕ್ಕಿಂತ ಅವಳಿಗೆ ಹೇಳುವುದು ಸುಲಭವೆನಿಸಿತು. "ಸಕ್ಕರೆ ಕಾಯಿಲೆ ಇದೆ. ಕಣ್ಣಿಗೆ ಬಂದಿದೆ."

ಹೇಳಿ ಮುಗಿದ ಮೇಲೆ ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ಗುರುಮೂರ್ತಿಯ ಹೆಂಡತಿ, ನಮ್ಮಣ್ಣನಿಗೂ ಹಂಗೇ ಆಗಿತ್ತು, ಲೇಸರ್ ಮಾಡ್ಸಿದ್ರು ಎಂದಳು. ಊಟಕ್ಕೆ ನಿಲ್ಲಿ ಎಂದರು. ನಿಂತ. ಅವನ ಎಲೆಗೆ ಸಿಹಿ ಬಡಿಸಲಿಲ್ಲ. ಹೊರಡುವಾಗ ಸ್ಫೂರ್ತಿ ಹಾಲಮ್ಮನ ಕೈ ಹಿಡಿದು, ಧಾರೆ ಸೀರೆಗೆ ಮಾತ್ರ ಇನ್ನೂ ಎಲ್ಲೂ ಸಿಕ್ಕಿಲ್ಲ ಅತ್ತೆ, ಈ ಊರಲ್ಲಿ ಯಾರ ಹತ್ರಾನೂ ಆ ಬಣ್ಣ ಇಲ್ಲ, ನಾನೇ ತಗೊಂಡು ಬರ್ಲಾ ಎಂದು ಕೇಳಿದಳು. ಹಾಲಮ್ಮ ಗಂಡನ ಕಡೆ ನೋಡದೆಯೇ, ಬಾ ಎಂದಳು.

ಶಿವಮೊಗ್ಗದಲ್ಲಿ ಎರಡು ಸಲ ಲೇಸರ್ ಹಾಕಿದರು. ಹಸಿರು ಮಿಂಚುಗಳು ಒಂದರ ಹಿಂದೊಂದು ಹೊಡೆದವು. ಅವು ಹಸಿರು ಎಂದು ಡಾಕ್ಟರು ಹೇಳಿದರು. ಇರುವ ದೃಷ್ಟಿ ಉಳಿಯಬಹುದು, ಬಣ್ಣದ ವಿಷಯ ಹೇಳಲಾಗದು, ಸಕ್ಕರೆ ಹತೋಟಿಯಲ್ಲಿರಲಿ ಎಂದೂ ಹೇಳಿದರು. ಬರುವಾಗ ಬಸ್ಸಿನಲ್ಲಿ ಹಾಲಮ್ಮ ಅವನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ತನ್ನ ಕಾಯಿಲೆಯಿಂದ ದಣಿದವಳು ಅವಳು ಎಂಬುದು, ಅವಳ ಬಾಯಿ ಸ್ವಲ್ಪ ತೆರೆದುಕೊಂಡಿರುವುದನ್ನು ನೋಡಿದಾಗ ಅವನಿಗೆ ಹೊಳೆಯಿತು. ಹೊಳೆದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಭುಜವನ್ನು ಅಲುಗಾಡಿಸದೆ ಕೂತ.

ಸ್ಫೂರ್ತಿ ಬಂದದ್ದು ಒಂದು ಬೆಳಿಗ್ಗೆ, ಅಂಗಡಿಯಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದ ಹೊತ್ತಿನಲ್ಲಿ. ಧಾರೆ ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ತಂದಿದ್ದಳು. ಅಭ್ಯಾಸಬಲದಿಂದ ಅದನ್ನು ಅವನ ಕಡೆಗೇ ಚಾಚಿದಳು, ಆಮೇಲೆ ತಪ್ಪು ಮಾಡಿದವಳ ಹಾಗೆ ಕೈ ಹಿಂದಕ್ಕೆಳೆದಳು. ಆ ಇಬ್ಬರು ಹೆಂಗಸರು ನೋಡುತ್ತಿದ್ದರು.

"ನಿಮ್ಮತ್ತೆಗೆ ತೋರ್ಸು" ಎಂದ ಷಡಕ್ಷರಿ.

ಹಾಲಮ್ಮ ಸೀರೆಯನ್ನು ಎತ್ತಿಕೊಂಡು ಬೀದಿಗೆ ಇಳಿದಳು. ಅದು ಎರಡೆಳೆಯ ನೇಯ್ಗೆಯ ಸೀರೆ, ಹೊರಳಿಸಿದ ಹಾಗೆ ಬಣ್ಣ ಬದಲಿಸುವಂಥದ್ದು. ಅವಳು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಳಗೆ ಬಂದು ಒಂದು ಥಾನು ಎಳೆದು, ಅದನ್ನೂ ಹೊರಗೆ ಒಯ್ದು, ಬೇಡವೆಂದು ತಂದಿಟ್ಟಳು. ಇನ್ನೊಂದನ್ನು ಒಯ್ದಳು. ಒಬ್ಬ ಹೆಂಗಸಿಗೆ ತಡವಾಗುತ್ತಿತ್ತು, ಗೊಣಗಿದಳು. ಹಾಲಮ್ಮ ಆತುರ ಮಾಡಲಿಲ್ಲ. ತನ್ನ ಕೈ ಒಂದೇ ಸಲಕ್ಕೆ ಹೋಗಿ ನಿಲ್ಲುತ್ತಿದ್ದ ಕಪಾಟಿನ ಮುಂದೆ ಅವಳು ಹೀಗೆ ಅನುಮಾನಿಸುತ್ತ, ತೆಗೆಯುತ್ತ, ಇಡುತ್ತ ಓಡಾಡುವುದನ್ನು ನೋಡಲಾರದೆ ಅವನು ಕೌಂಟರಿನ ಗಾಜನ್ನು ಒರೆಸಿದ. ಕೊನೆಗೆ ಅವಳು ಮೇಲಿನ ಸಾಲಿನ ಒಂದು ಥಾನನ್ನು ತಂದು ಅವನ ಮುಂದೆ ಬಿಚ್ಚಿ, ಅದರ ಪಕ್ಕಕ್ಕೆ ಸೀರೆಯ ಅಂಚನ್ನು ಹಾಕಿದಳು. ಸ್ಫೂರ್ತಿ ಉಸಿರೆಳೆದುಕೊಂಡು, ಇದೇ ಅತ್ತೆ, ಇದೇ ಎಂದಳು. ಗೊಣಗಿದ ಹೆಂಗಸೂ ಬಗ್ಗಿ ನೋಡಿ, ಆಹಾ ಎಂದಳು.

ಷಡಕ್ಷರಿ ನೋಡಿದ. ಸೀರೆ ಅವನಿಗೆ ಬೂದಿಗೆ ತಿರುಗಿದ ಹಸಿರಾಗಿ ಕಾಣುತ್ತಿತ್ತು; ಥಾನು ಎಲ್ಲಿಂದ ನೋಡಿದರೂ ಬೇರೆಯೇ. ಅವನ ಪಕ್ಕದ ಕಪಾಟಿನ ಕೆಳಗಿನ ಸಾಲಿನಲ್ಲಿ, ಕೈಗೆ ಎಟುಕುವಲ್ಲೇ, ಆ ಸೀರೆಗೆ ಹುಟ್ಟಿದ್ದೆಂಬಂಥ ಬಟ್ಟೆಯೊಂದಿತ್ತು. ಅದನ್ನು ಎಳೆದು ಹಾಕಲು ಕೈ ತುರಿಸಿತು. ಬಾಯಿಗೂ ಮಾತು ಬಂತು.

"ಇದಾ?" ಎಂದ.

"ಇದೇ" ಎಂದಳು ಹಾಲಮ್ಮ.

ಅವನು ಅಳತೆಪಟ್ಟಿಯನ್ನು ಎಳೆದುಕೊಂಡು, ಉದ್ದ ತೋಳೋ ಗಿಡ್ಡ ತೋಳೋ ಎಂದು ಸ್ಫೂರ್ತಿಯನ್ನು ಕೇಳಿದ. ಉದ್ದ ತೋಳು ಎಂದಳು. ಅಳೆದು, ಒಂದು ಬೆರಳಗಲ ಹೆಚ್ಚಿಗೆ ಬಿಟ್ಟು, ತನ್ನ ಕಣ್ಣಿಗೆ ಸುತರಾಂ ಹೊಂದದ ಆ ಬಟ್ಟೆಗೆ ಕತ್ತರಿ ಇಟ್ಟು, ನೆಟ್ಟಗೆ ಕತ್ತರಿಸಿದ.